ಕಣ ಇಲ್ಲದ ಊರಾಗ ದಾನ

ಈ ವಾರ ಕಬ್ಬಿನ ಸಾಲಿನಾಗ ಕಳೆ ತಗಸಾಕ ಹೆಣ್ಣಾಳು ಸಿಗಲಿಲ್ಲ. ಕಟ್ಟಿ ಮ್ಯಾಲೆ ಕುಂತವರದು ಒಂದ ಮಾತು: "ತಿಂಗಳಾ ಎರಡು ಸಾವಿರ ಮನಿಗೆ ಬಂದ್ರ ಯಾರ ಬರತಾರ ಬಗ್ಗಾಕ? ಸರಕಾರ ಮಂದೀನ ಕೆಡಿಸೈತಿ. ಮೊದಲ ನಾವ ಕೊಡತಿದ್ವಿ, ಊರ ನಡೀತಿತ್ತು." ಅಲ್ಲೇ ಉತ್ತರ ಹೇಳಾಕ ಹೋದೆ, ಗದ್ದಲದಾಗ ಪೂರ್ತಿ ಆಗಲಿಲ್ಲ. ಅದಕ್ಕ ಇಲ್ಲಿ ಬರಿಯಾಕತ್ತೇನಿ.

ನಾವು ಕೊಡತಿದ್ದದ್ದು ಖರೆ. ನಮ್ಮಪ್ಪನ ಕಾಲಕ್ಕ ಜೋಳದ ರಾಶಿ ಆದ್ರ ಕಣದ ಸುತ್ತ ಮಂದಿ ನಿಂತಿರತಿದ್ರು. ಆಯಗಾರರಿಗೆ ಅವರ ಪಾಲು, ಆಮ್ಯಾಲೆ ಗಂಡ ಸತ್ತಾಕಿಗೆ, ಕಣ್ಣು ಕಾಣದ ಮುದುಕಗ ಒಂದೊಂದು ಮೊರ ಜೋಳ. ಆದ್ರ ಎಲ್ಲಾರ ಮೊರಾನೂ ತುಂಬತಿರಲಿಲ್ಲ. ಹಿಂದಿನ ಸುಗ್ಗ್ಯಾಗ ಎದುರು ಮಾತಾಡಿದಾಕಿಗೆ ಅರ್ಧ, ಕರದಾಗ ಮನಿ ಕೆಲಸಕ್ಕ ಬಂದಾಕಿಗೆ ತುಂಬ. ಯಾವ ಕೇರಿಯವರು ಎಷ್ಟು ದೂರ ನಿಲ್ಲಬೇಕು ಅನ್ನೋದನ್ನ ಯಾರೂ ಹೇಳಬೇಕಾಗಿರಲಿಲ್ಲ, ಎಲ್ಲಾರಿಗೂ ಗೊತ್ತಿತ್ತು.

ಈಗ ಕಣ ಎಲ್ಲೈತಿ? 1897ರಲ್ಲಿ ಧುಪದಾಳ ಒಡ್ಡು ಆತು, ಆಮ್ಯಾಲೆ ಹಿಡಕಲ್ ಡ್ಯಾಮ್ ಬಂತು. ಎಡದಂಡೆ ಕಾಲುವೆ ನೀರಿಗೆ ಜೋಳ ಹಿಂದ ಸರದು ಕಬ್ಬು, ಗೋವಿನಜೋಳ, ಅರಿಷಿಣ ಬಂದ್ವು. ಕಬ್ಬು ಹೊಲದಿಂದ ಸೀದಾ ಫ್ಯಾಕ್ಟರಿಗೆ, ಬಿಲ್ಲು ಸೀದಾ ಬ್ಯಾಂಕಿಗೆ. ಬ್ಯಾಂಕಿನ ಬಾಗಲದಾಗ ಮೊರ ಹಿಡಕೊಂಡು ಯಾರು ನಿಲ್ಲತಾರ? ನಮ್ಮ ಮನಸ್ಸು ಸಣ್ಣದಾಗಿಲ್ಲ, ಕೊಡೋ ಜಾಗಾನ ಹೋಗೈತಿ.

ಇನ್ನ ಆ ಕಾಲುವೆ ಯಾರ ದುಡ್ಡು? 10 ಎಚ್.ಪಿ. ತನಕ ಪಂಪಸೆಟ್ಟಿಗೆ ನಾವು ಕರೆಂಟ್ ಬಿಲ್ ಕಟ್ಟೂದಿಲ್ಲ. ಪಿಎಂ ಕಿಸಾನ್ ವರ್ಷಕ್ಕ 6,000. ಇದಕ್ಕ 'ಸವಲತ್ತು' ಅಂತೀವಿ, ಆಕಿ ಗೃಹಲಕ್ಷ್ಮಿ 2,000ಕ್ಕ 'ಬಿಟ್ಟಿ' ಅಂತೀವಿ. ಕಿಸಾನ್ ದುಡ್ಡು ಬಂತಂತ ನಾ ಏನೂ ಹೊಲಕ್ಕ ಹೋಗೂದು ಬಿಟ್ಟಿಲ್ಲ. (ಆಳು ಸಿಗದಿರಾಕ ನನಗ ಕಂಡ ಕಾರಣ ಬ್ಯಾರೆ: ಮಳಿ ಬಿಟ್ಟ ಮ್ಯಾಲೆ ಎಲ್ಲಾರ ಹೊಲಕ್ಕೂ ಒಂದ ವಾರದಾಗ ಕಳೆ ಬಂದೈತಿ.)

2019ರ ಆಗಸ್ಟ್ ನೆನಪ ಮಾಡ್ಕೋರಿ. ಘಟಪ್ರಭಾ ಏರಿ ಲೋಳಸೂರ ಸೇತುವೆ ಮುಳುಗಿತ್ತು, ಗೋಕಾಕದಾಗ ನೀರು ಹೊಕ್ಕಿತ್ತು. ನಮ್ಮ ಕಡೆ ಮೊದಲ ಬಂದದ್ದು ಸರಕಾರ ಅಲ್ಲ, ರೊಟ್ಟಿ. ಎಲ್ಲೆಲ್ಲಿಂದಲೋ ಕಟಕ ರೊಟ್ಟಿ ಗಂಟು, ಶೇಂಗಾ ಚಟ್ನಿ, ಚಾದರ. ಮಠದವರು ಬಾಗಲಾ ತೆರದ್ರು. ಆ ದಿನಗಳ ಋಣ ತೀರೂದಿಲ್ಲ. ಹದಿನೈದು ದಿನಕ್ಕ ಗಾಡಿ ಬರೂದು ನಿಂತು, ಹಳೆ ಅಂಗಿ ರಾಶಿ ಉಳೀತು. ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂತ ಸರಕಾರ ಹೇಳಿತು. ಅಷ್ಟು ಮನಿಗೆ ಅಷ್ಟು ದುಡ್ಡು ಯಾವ ದಾನಿ ಕಡಿಂದ ಆಗತಿತ್ತು?

ಆದ್ರ ನಮ್ಮ ಹೊಲಕ್ಕ ಬರೋ ಒಬ್ಬ ಮುದುಕಿ ಮನಿ ಮಂದಿ ಜಾಗಾದಾಗಿತ್ತು. ಕಾಗದ ಇರಲಿಲ್ಲ, ಪಟ್ಟಿಯಾಗ ಹೆಸರು ಬರಲಿಲ್ಲ. ನಾಕು ಮಂದಿ ಸೇರಿ ತಗಡಿನ ಶೆಡ್ ಹಾಕಿಕೊಟ್ವಿ, ಇವತ್ತಿಗೂ ಅದರಾಗ ಅದಾಳ. ಒಳ್ಳೆ ಕೆಲಸಾನ. ಆದ್ರ ಒಂದು ಮಾತು ಹೇಳತೇನಿ: ಶೆಡ್ ಕೊಟ್ಟ ನಾಕು ಮಂದಿ ಕರದ್ರ ಆಕಿ ಕೂಲಿ ಎಷ್ಟಂತ ಕೇಳೂದಿಲ್ಲ. ಮೈಯಾಗ ಜ್ವರ ಇದ್ರೂ ಬರತಾಳ. ನಾವು ಬ್ಯಾಡ ಅಂದ್ರೂ ಬರತಾಳ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮಾತ್ರ ಆಕೀನ ಯಾರ ಹೊಲಕ್ಕೂ ಕರೆಯೂದಿಲ್ಲ.

ಆ ಪೆನ್ಶನ್ನೂ ನಾಕು ತಿಂಗಳಿಂದ ಬಂದಿಲ್ಲ. ಆಧಾರದ ಮಷೀನಿಗೆ ಬೆರಳು ಹತ್ತೂದಿಲ್ಲಂತ. ಐವತ್ತು ವರ್ಷ ಕಳೆ ಕಿತ್ತ ಬೆರಳಿನಾಗ ಗೆರಿ ಎಲ್ಲಿ ಉಳೀತಾವ? ಮೂರು ಸಲ ಹೋಗಿ ಮೂರು ದಿನದ ಕೂಲಿ ಕಳಕೊಂಡಾಳ. ದಾನ ಮಾಡಬೇಕು ಅನ್ನೋರು ಜೋಳದ ಚೀಲಕ್ಕಿಂತ ಮೊದಲ ನಿಮ್ಮದೊಂದು ದಿನ ಕೊಡ್ರಿ. ಕಚೇರಿಯಾಗ ನಿಂತು ಮಾತಾಡೋ ಬಾಯಿ ಆಕಿಗಿಲ್ಲ, ನಮಗೈತಿ.

ಸೋಮವಾರ ಆಕೀನ ಕರಕೊಂಡು ಹೊಂಟೇನಿ, ಕಣ್ಣಿನ ಗುರುತು ತಗೊಂಡು ಆಧಾರ ಸರಿಮಾಡಸಾಕ. ಗಾಡ್ಯಾಗ ಇನ್ನ ಮೂರು ಮಂದಿಗೆ ಜಾಗ ಐತಿ. ನಿಮ್ಮ ಓಣ್ಯಾಗ ಇಂಥವರಿದ್ರ ಆಧಾರ, ಪಾಸಬುಕ್, ಪೆನ್ಶನ್ ಆದೇಶದ ಪ್ರತಿ ಹಿಡಕೊಂಡು ಮುಂಜಾನೆ ಎಂಟಕ್ಕ ಬಸ್‌ಸ್ಟ್ಯಾಂಡಿಗೆ ಬರಾಕ ಹೇಳ್ರಿ.