ದ್ರಾವಿಡ್, ಕಾಕಾ ಮತ್ತು ನಮ್ಮ ಸರ್

2023ರ ನವೆಂಬರ್ 19. ತಿಕೋಟಾದ ಕಾಕಾನ ಮನೆಯಲ್ಲಿ ವಿಶ್ವಕಪ್ ಫೈನಲ್ ನೋಡ್ತಿದ್ವಿ. ಸತತ 10 ಪಂದ್ಯ ಗೆದ್ದಿದ್ದ ತಂಡ ಆಸ್ಟ್ರೇಲಿಯಾಕ್ಕೆ ಸೋತಿತು. "ದ್ರಾವಿಡ್‌ಗ ಕೋಚಿಂಗ್ ಬರೂದಿಲ್ಲ ಬಿಡೋ" ಅಂತ ಕಾಕಾ ಟೀವಿ ಆರಿಸಿದ. ಆ ಹತ್ತು ಗೆಲುವು ಯಾರ ಲೆಕ್ಕಕ್ಕೂ ಬರಲಿಲ್ಲ (ನನ್ನದಕ್ಕೂ!).

ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಬಾಸ್ಕೆಟ್‌ಬಾಲ್ ಕೋಚ್‌ಗೂ ಹೀಗೇ ಅಂದಿದ್ವಿ. ದಿನಾ ಬೆಳಿಗ್ಗೆ ಆರಕ್ಕೆ ಬಬಲೇಶ್ವರದಿಂದ ಬರುತ್ತಿದ್ದರು. ಚೆಂಡು ಹಿಡಿಯಲೂ ಬಾರದ ನಮ್ಮನ್ನು ಸೆಮಿಫೈನಲ್‌ವರೆಗೆ ಮುಟ್ಟಿಸಿದರು. ಅಲ್ಲಿ ಎರಡು ಪಾಯಿಂಟಿನಿಂದ ಸೋತೆವು. ಕಾಲೇಜಿನವರೆಲ್ಲ ಅವರನ್ನೇ ಬೈದರು. ಕೊನೆಗೆ ಪಾಸ್ ಕೊಡು ಅಂದಿದ್ದರೂ ನಾನೇ ಎಸೆದು ಕೆಡಿಸಿದ್ದೆ. ಅದನ್ನವರು ಯಾರ ಮುಂದೂ ಆಡಲಿಲ್ಲ. ಮರುವರ್ಷ ಅವರು ಬರಲಿಲ್ಲ.

2024ರ ಜೂನ್ 29, ಬಾರ್ಬಡೋಸ್. 7 ರನ್ನಿಂದ ಟಿ20 ವಿಶ್ವಕಪ್ ನಮ್ಮದಾಯಿತು. ಕಾಕಾನ ಫೋನು: "ನಾ ಹೇಳಿದ್ದಿಲ್ಲೇನ, ಭಾರಿ ಕೋಚ್ ಅದಾನಂವಾ!"

ಆ ರಾತ್ರಿ ಗೆಳೆಯನಿಂದ ಸರ್ ನಂಬರ್ ಇಸಕೊಂಡೆ. ಇನ್ನೂ ಫೋನ್ ಮಾಡಿಲ್ಲ.