ಮೂಳೆಯ ಸಾರು, ಮುಚ್ಚಿದ ಕಿಟಕಿ

ನಮ್ಮ ಮನೆಯಲ್ಲಿ ಮೂಳೆ ಬೇಯುವ ದಿನ ಅಡಿಗೆಮನೆಯ ಕಿಟಕಿ ಮುಚ್ಚಿರುತ್ತದೆ. ಅಮ್ಮಿಯ ಕಾಲದಲ್ಲಿ ಹೀಗಿರಲಿಲ್ಲ. ರಾತ್ರಿಯಿಡೀ ಕೆಂಡದ ಮೇಲಿದ್ದ ಪಾಯಾದ ಸುದ್ದಿ ಫಜರ್ ನಮಾಜಿನ ಹೊತ್ತಿಗೆ ಬೀದಿಗೆಲ್ಲ ತಲುಪಿರುತ್ತಿತ್ತು. ಬಾಗಲೂರಿಗೆ ಬಂದ ಮೇಲೆ, ಅದರಲ್ಲೂ 2021ರಲ್ಲಿ ಹೊಸ ಜಾನುವಾರು ಹತ್ಯೆ ತಡೆ ಕಾನೂನು ಜಾರಿಯಾದ ಮೇಲೆ, ಕಿಟಕಿ ಮುಚ್ಚುವುದು ನನಗೆ ಅಭ್ಯಾಸವಾಗಿಬಿಟ್ಟಿತು. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಆ ಕಾನೂನೇ ಅವಕಾಶ ಕೊಟ್ಟಿದೆ. ನಾವು ತರುವುದೂ ಅದನ್ನೇ. ಆದರೆ ಅನುಮಾನಪಡುವವರು ಕಾನೂನು ಓದಿಕೊಂಡು ಬರುವುದಿಲ್ಲವಲ್ಲ.

2025ರ ಜನವರಿ. ಯಲಹಂಕದ ವಿಮಾನ ಪ್ರದರ್ಶನಕ್ಕಾಗಿ, ಹದ್ದುಗಳು ಬರದಿರಲೆಂದು, ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸದಂಗಡಿಗಳು 23ನೇ ತಾರೀಕಿನಿಂದ ಬಂದ್ ಎಂದು ಪ್ರಕಟವಾಗಿತ್ತು. ಅದಕ್ಕೆ ಮುಂಚಿನ ಭಾನುವಾರ ಮಗಳು ಹಠ ಹಿಡಿದಳು: “ವಿಯೆಟ್ನಾಮಿನ ಫೋ ಮಾಡೋಣ ಅಮ್ಮಿ.”

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹನೋಯ್, ನಾಮ್ ದಿನ್ ಕಡೆ ಹುಟ್ಟಿದ ಸಾರು ಅದು. ಅಲ್ಲಿ ದನವೆಂದರೆ ಉಳುಮೆಯ ಪ್ರಾಣಿ. ಆಳಲು ಬಂದ ಫ್ರೆಂಚರು ಮಾಂಸ ತಿಂದರು. ಉಳಿದ ಮೂಳೆ ಬಡವರ ಮಡಕೆಗೆ ಬಂತು ಎನ್ನುತ್ತಾರೆ. 1954ರಲ್ಲಿ ದೇಶ ಇಬ್ಭಾಗವಾದಾಗ ಅದು ಊರು ಬಿಟ್ಟವರ ಜೊತೆ ದಕ್ಷಿಣಕ್ಕೆ ಹೋಯಿತು. 1975ರ ನಂತರ ನಿರಾಶ್ರಿತರ ಜೊತೆ ಸಮುದ್ರ ದಾಟಿತು.

ಮೊದಲು ಮೂಳೆಯನ್ನು ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಬೇಕು. ಈರುಳ್ಳಿ, ಶುಂಠಿಯನ್ನು ಸಿಪ್ಪೆ ಸಮೇತ ಬೆಂಕಿಯಲ್ಲಿ ಸುಡಬೇಕು. ಚಕ್ರಮೊಗ್ಗು, ಚಕ್ಕೆ, ಲವಂಗ, ಕೊತ್ತಂಬರಿ ಬೀಜ ಹುರಿದು ಹಾಕಿ, ಸಣ್ಣ ಉರಿಯಲ್ಲಿ ಆರು ಗಂಟೆ ಬೇಯಿಸಬೇಕು. ಬಟ್ಟಲಲ್ಲಿ ಅಕ್ಕಿಯ ಎಳೆ, ಮೇಲೆ ತೆಳ್ಳಗೆ ಕೊಯ್ದ ಹಸಿ ಮಾಂಸ. ಕುದಿಯುವ ಸಾರು ಹೊಯ್ದರೆ ಮಾಂಸ ಅಲ್ಲೇ ಬೇಯುತ್ತದೆ. ಮಸಾಲೆಯೆಲ್ಲ ನಮ್ಮ ಬಿರಿಯಾನಿ ಡಬ್ಬಿಯಲ್ಲೇ ಇತ್ತು. ಎಳೆಯ ಬದಲಿಗೆ ಒತ್ತು ಶಾವಿಗೆ. ಮೀನಿನ ಸಾಸನ್ನು ಮಗಳು ಸಿಟಿಯಿಂದ ತಂದಿದ್ದಳು.

ಈರುಳ್ಳಿ ಸುಟ್ಟ ಹೊಗೆ ಮನೆ ತುಂಬಿತು. ಬೇರೆ ದಾರಿಯಿಲ್ಲದೆ ಕಿಟಕಿ ತೆರೆದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದರು.

“ಏನಕ್ಕಾ, ಘಮ್ ಅಂತಿದೆ?”

“ಮಟನ್ ಸೂಪು” ಎಂದೆ.

ಮಗಳು ನನ್ನ ಮುಖ ನೋಡಿದಳು. ಕಥೆಗಳಲ್ಲಿ ಪಾತ್ರಗಳ ಬಾಯಿಂದ ಸತ್ಯ ಹೇಳಿಸುವವಳು ನಾನು! ಅವಳು ಮಾತು ತಿರುಗಿಸಿ, ಇದಕ್ಕೆ ಕಾಮಕಸ್ತೂರಿಯಂಥ ಸೊಪ್ಪು ಬೇಕಿತ್ತು ಆಂಟಿ ಎಂದಳು. ಆಕೆ ಒಳಗೆ ಹೋಗಿ, ತಮ್ಮ ಹಿತ್ತಲಿನ ಕಾಮಕಸ್ತೂರಿಯನ್ನೇ ಕಟ್ಟು ಕಟ್ಟಿ ತಂದು ಗೋಡೆಯ ಮೇಲಿಂದ ಕೊಟ್ಟರು.

ಸಂಜೆ ಸಾರು ಚೆನ್ನಾಗಿಯೇ ಆಗಿತ್ತು, ಪಾಯಾದ ತಂಗಿಯ ಹಾಗೆ. ಆದರೆ ಆ ಸೊಪ್ಪು ಬಾಯಿಗೆ ಬಂದಾಗಲೆಲ್ಲ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು.

ಬೆಳಿಗ್ಗೆ ಆಕೆ ರಂಗೋಲಿ ಹಾಕುವಾಗ ಹೋಗಿ ಹೇಳಿದೆ: “ನಿನ್ನೆ ಸುಳ್ಳು ಹೇಳಿದೆ. ಅದು ಎಮ್ಮೆ ಮೂಳೆ.”

ಆಕೆ ತಲೆ ಎತ್ತಲಿಲ್ಲ. “ಗೊತ್ತಿತ್ತು ಬಿಡಿ. ಕುರಿ ಮೂಳೆನ ಬೆಳಗಿಂದ ಸಂಜೆವರೆಗೂ ಯಾರು ಬೇಯಿಸ್ತಾರೆ?” ಎಂದರು. ಒಂದು ಎಳೆ ಎಳೆದು ಮುಗಿಸಿ, “ನಾನು ತಿನ್ನಲ್ಲ, ಅದು ಬೇರೆ. ನನ್ನ ಹತ್ರಾನೂ ಸುಳ್ಳು ಹೇಳಬೇಕಾಯ್ತಲ್ಲಾ ಅಂತ ಬೇಜಾರಾಯ್ತು” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷ ಆಕೆ ನನ್ನನ್ನು ಒಮ್ಮೆಯೂ ಹೆದರಿಸಿರಲಿಲ್ಲ. ಆದರೂ ನಾನು ಹೆದರಿದ್ದೆ. ಅದೆಲ್ಲಿಂದಲೋ ಬಂದ ಭಯವನ್ನು ಆಕೆಯ ತಲೆಗೆ ಕಟ್ಟಿದ್ದೆ.

ಈಗ ಮೂಳೆ ಬೇಯುವ ದಿನ ಆ ಕಡೆಯ ಕಿಟಕಿ ತೆರೆದಿರುತ್ತದೆ. ಬೀದಿ ಕಡೆಯದನ್ನು ತೆರೆಯಲು ನನಗೆ ಇನ್ನೂ ಧೈರ್ಯ ಬಂದಿಲ್ಲ.