ಗುಡ್ನಾಪುರದ ಏರಿ ಮತ್ತು ಒಂದು ಕರಿ ಕಂಬಳಿ

ಬನವಾಸಿಗೆ ಬಂದವರು ಮಧುಕೇಶ್ವರನಿಗೆ ಕೈಮುಗಿದು, ವರದೆಯಲ್ಲಿ ಕಾಲು ತೊಳೆದು ಬಸ್ಸು ಹತ್ತುವುದೇ ಹೆಚ್ಚು. ಸುಮಾರು ಐದು ಕಿ.ಮೀ. ಆಚೆಗಿನ ಗುಡ್ನಾಪುರ ಹಾಗೆಯೇ ಉಳಿದುಬಿಡುತ್ತದೆ. ಕದಂಬ ದೊರೆ ರವಿವರ್ಮನ ಶಾಸನ ಸಿಕ್ಕಿದ್ದು ಇಲ್ಲಿಯೇ. ಕಾಮದೇವನ ಆಲಯ, ವಸಂತೋತ್ಸವಗಳ ಸುದ್ದಿ ಅದರಲ್ಲಿದೆ. ಈಗ ನಮ್ಮ ಕಣ್ಣಿಗೆ ಬೀಳುವುದು ವಿಶಾಲವಾದ ಕೆರೆ, ನೀರಹಕ್ಕಿಗಳು ಮತ್ತು ಗದ್ದೆಬಯಲು.

ನಾವು ಹೋದದ್ದು ನವೆಂಬರಿನಲ್ಲಿ. ಭತ್ತದ ತೆನೆ ಬಾಗಿತ್ತು. ಸಂಜೆ ಏರಿಯ ಮೇಲೆ ಹೊರಟಾಗ ನಮ್ಮನ್ನು ಉಳಿಸಿಕೊಂಡಿದ್ದ ಮಾವ ಮಗಳನ್ನು ಕರೆದು, "ತಂಗೀ, ಆ ಕೇಸರಿ ಅಂಗಿ ಬಿಚ್ಚಬೇಡ. ಕತ್ತಲಾಗುವುದರೊಳಗೆ ಬಂದುಬಿಡಿ" ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ರಾತ್ರಿ ಊಟವಾದ ಮೇಲೆ ಕಾರಣ ತಿಳಿಯಿತು. ಬಹಳ ವರ್ಷಗಳ ಹಿಂದೆ ಮಾವ ಹಂದಿ ಕಾಯಲು ಮಾಳಕ್ಕೆ ಹೋಗಿದ್ದರು. ಚಳಿಗೆ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು, ಮುರಿದ ಬೇಲಿ ಕಟ್ಟಲು ಬಗ್ಗಿದ್ದರಂತೆ. ಪಕ್ಕದ ಗದ್ದೆ ಕಾಯುತ್ತಿದ್ದ ಹುಡುಗನಿಗೆ ಕಂಡದ್ದು ಕಪ್ಪಗೆ ಅಲ್ಲಾಡುವ ಬೆನ್ನು ಮಾತ್ರ. ಆಗ ಹೊಕ್ಕ ಚರೆಯೊಂದು ಇಂದಿಗೂ ತೊಡೆಯಲ್ಲಿದೆ. ಹೊಡೆದವನು ಮರುದಿನದಿಂದ ಕೋವಿ ಮುಟ್ಟಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಬೇಟೆಯೇ ಅಪರಾಧ. ಇನ್ನು ಬೇಟೆಗಾರನ ಉಡುಪಿಗೆ ನಿಯಮವೆಲ್ಲಿ? ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸಿದ್ದರೂ ಹಂದಿ ಹೊಡೆಯಲು ಅದೊಂದೇ ಸಾಲದು. ಬೇಟೆಗೆ ಅನುಮತಿಯಿರುವ ಅಮೆರಿಕದ ಹಲವು ರಾಜ್ಯಗಳಲ್ಲಿ ಕೋವಿ ಹಿಡಿದವನು ಕಣ್ಣುಕುಕ್ಕುವ ಕಿತ್ತಳೆ ಬಣ್ಣ ಧರಿಸಲೇಬೇಕು. ಕೊಲರಾಡೊದಲ್ಲಿ ಸೊಂಟದಿಂದ ಮೇಲೆ ಕನಿಷ್ಠ 500 ಚದರ ಅಂಗುಲ, ಜೊತೆಗೆ ತಲೆಗೂ ಟೊಪ್ಪಿ. ವಿಸ್ಕಾನ್ಸಿನ್ 2016ರಲ್ಲಿ ಗುಲಾಬಿಗೂ ಒಪ್ಪಿಗೆ ಕೊಟ್ಟಿತು.

ಜಿಂಕೆ ಕಂಡು ಓಡುವುದಿಲ್ಲವೇ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ಜಿಂಕೆ ಮತ್ತು ಹಂದಿಗಳಲ್ಲಿ ಎರಡೇ. ಹಸಿರೆಲೆಯ ನಡುವೆ ನಮಗೆ ಉರಿಯುವಂತೆ ಕಾಣುವ ಕಿತ್ತಳೆ ಅವಕ್ಕೆ ಎದ್ದು ಕಾಣುವುದಿಲ್ಲ. ಆ ಬಟ್ಟೆಯ ಬಣ್ಣ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬಿಡುತ್ತದೆ. ಆದ್ದರಿಂದಲೇ ಮೋಡದ ದಿನದಲ್ಲೂ ಅದಕ್ಕೆ ಅಷ್ಟು ಹೊಳಪು.

ಆದರೆ ಇದೆಲ್ಲ ಹಗಲಿನ ಮಾತು. ಮಬ್ಬುಗತ್ತಲಲ್ಲಿ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದೇ ಕೆಂಪಿನ ಕಡೆಯ ಬಣ್ಣಗಳು. ನಮ್ಮ ರೈತರು ಕಾಯುವುದೋ ರಾತ್ರಿ. ಅಲ್ಲಿ ಕೆಲಸಕ್ಕೆ ಬರುವುದು ರಸ್ತೆ ಕೂಲಿಗಳ ಅಂಗಿಯ ಮೇಲಿರುವಂಥ ಪಟ್ಟಿ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಅದು ತಿರುಗಿಸುತ್ತದೆ. ಟಾರ್ಚು ಹಿಡಿದವನ ಕಣ್ಣಿಗೆ ನೇರ. ಹಾಗಿದ್ದೂ ಗುರಿ ಏನೆಂದು ತಿಳಿಯದೆ ಕುದುರೆ ಎಳೆಯುವವನಿಗೆ ಯಾವ ಪಟ್ಟಿ ತಾನೆ ಏನು ಮಾಡೀತು ಎಂದು ಮಾವ ಗೊಣಗಿದರು.

ಮರುದಿನ ಮಗಳು ತನ್ನ ಹಳೆಯ ಶಾಲೆ ಬ್ಯಾಗಿನ ಹೊಳೆಯುವ ಪಟ್ಟಿ ಬಿಚ್ಚಿ ಮಾವನ ಕಂಬಳಿಯ ಬೆನ್ನಿಗೆ ಹೊಲಿದಳು. "ಮದುವೆ ಗಂಡಿನ ಜರಿ ಶಾಲು ಮಾಡಿಬಿಟ್ಯಲ್ಲೇ" ಎಂದು ಅತ್ತೆ ನಕ್ಕರು. ರಾತ್ರಿ ಏರಿಯ ತುದಿಯಿಂದ ಟಾರ್ಚು ಬಿಟ್ಟೆವು. ಗದ್ದೆಯ ನಡುವೆ ಒಂದು ಬೆಳ್ಳಿ ಗೆರೆ ಫಳಕ್ಕೆಂದಿತು.

ಶಿರಸಿಯಿಂದ ಬನವಾಸಿ ಸುಮಾರು 23 ಕಿ.ಮೀ., ಬಸ್ಸುಗಳಿವೆ. ಕೆರೆ ನೋಡಲು ಬೆಳಗಿನ ಹೊತ್ತೇ ಚೆಂದ.